ಮಾದರಿ ಉಗಿ ಎಂಜಿನ್‌ಗಳ ಡೀಟೇಲಿಂಗ್ ಮತ್ತು ವೆದರಿಂಗ್

ಮಾದರಿ ಉಗಿ ಎಂಜಿನ್‌ಗಳ ಡೀಟೇಲಿಂಗ್ ಮತ್ತು ವೆದರಿಂಗ್ ಎಂಬುವು ರೈಲು ಮಾದರಿ ನಿರ್ಮಾಣದ ಹವ್ಯಾಸದಲ್ಲಿ ಒಂದನ್ನೊಂದು ಅವಲಂಬಿಸಿರುವ ಎರಡು ಕೌಶಲಗಳು. ಕಾರ್ಖಾನೆಯಿಂದ ಸಿದ್ಧವಾಗಿ ಬಂದ ಅಥವಾ ಬಿಡಿಭಾಗಗಳಿಂದ ಜೋಡಿಸಿದ ಕಿರುಗಾತ್ರದ ಉಗಿ ಎಂಜಿನ್ನಿಗೆ ಕೊಳವೆ, ಹಿಡಿಕಂಬಿ, ದೀಪ, ಸಂಖ್ಯಾಫಲಕ ಮೊದಲಾದ ಸೂಕ್ಷ್ಮ ಭಾಗಗಳನ್ನು ಸೇರಿಸುವುದು, ತಪ್ಪಾಗಿರುವುದನ್ನು ತೆಗೆದು ಸರಿಪಡಿಸುವುದು ಡೀಟೇಲಿಂಗ್. ಮಸಿ, ಬೂದಿ, ಎಣ್ಣೆಯ ಜಿಡ್ಡು, ತುಕ್ಕು, ಸುಣ್ಣದ ಕಲೆ ಮುಂತಾದವನ್ನು ಬಣ್ಣ ಹಾಗೂ ಪುಡಿಗಳಿಂದ ಮೂಡಿಸಿ, ಆ ಎಂಜಿನ್ ಬಿಸಿಲು ಮಳೆಗಳಲ್ಲಿ ದುಡಿದುದೆಂದು ತೋರುವಂತೆ ಮಾಡುವುದು ವೆದರಿಂಗ್. ಎರಡರ ಗುರಿಯೂ ಒಂದೇ: ಕೈಯಲ್ಲಿರುವ ಮಾದರಿಯನ್ನು ‘ಒಂದು ಬಗೆಯ ಎಂಜಿನ್’ ಎಂಬ ಸಾಮಾನ್ಯ ಸ್ಥಿತಿಯಿಂದ ಬಿಡಿಸಿ, ಗೊತ್ತಾದ ಸಂಖ್ಯೆಯ, ಗೊತ್ತಾದ ಊರಿನ, ಗೊತ್ತಾದ ಕಾಲದ ಒಂದೇ ಒಂದು ಎಂಜಿನ್ನಿನ ಪ್ರತಿರೂಪವಾಗಿಸುವುದು. ಈ ಕಲೆ ಹೆಚ್ಚು ಬೆಳೆದಿರುವುದು ಬ್ರಿಟನ್, ಅಮೆರಿಕ ಮತ್ತು ಜರ್ಮನಿಗಳಲ್ಲಿ. ಈ ಲೇಖನದ ಉದಾಹರಣೆಗಳು ಬಹುಮಟ್ಟಿಗೆ ಬ್ರಿಟಿಷ್ ರೈಲ್ವೆಗೆ ಸಂಬಂಧಿಸಿದವು.

ಪರಿಭಾಷೆ ಮತ್ತು ಪ್ರಮಾಣ

ಈ ಹವ್ಯಾಸದಲ್ಲಿ ‘ಪ್ರೊಟೊಟೈಪ್’ ಎಂಬ ಪದಕ್ಕೆ ವಿಶೇಷಾರ್ಥವಿದೆ. ಕೈಗಾರಿಕೆಯಲ್ಲಿ ಆ ಪದವು ಪರೀಕ್ಷೆಗಾಗಿ ಮೊದಲು ತಯಾರಿಸಿದ ನಮೂನೆಯನ್ನು ಸೂಚಿಸುತ್ತದೆ. ಇಲ್ಲಿ ಅದು ಹಳಿಯ ಮೇಲೆ ನಿಜವಾಗಿ ಓಡಿದ ಪೂರ್ಣಗಾತ್ರದ ಎಂಜಿನ್ನನ್ನು ಸೂಚಿಸುತ್ತದೆ. ಮುಂದೆ ಅದನ್ನು ‘ಮೂಲ ಎಂಜಿನ್’ ಎಂದು ಕರೆಯಲಾಗಿದೆ.

ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಓಓ ಪ್ರಮಾಣದಲ್ಲಿ ಮೂಲದ ಒಂದು ಅಡಿಯನ್ನು 4 ಮಿ.ಮೀ.ಗೆ ಇಳಿಸಲಾಗುತ್ತದೆ, ಅಂದರೆ ಅನುಪಾತ 1:76.2. ಯುರೋಪಿನ ಉಳಿದ ದೇಶಗಳಲ್ಲಿ ಮತ್ತು ಅಮೆರಿಕದಲ್ಲಿ ಪ್ರಚಲಿತವಾದ ಎಚ್ಓ ಪ್ರಮಾಣ 1:87. ಎರಡಕ್ಕೂ ಹಳಿಗಳ ನಡುವಣ ಅಂತರ ಮಾತ್ರ ಒಂದೇ, 16.5 ಮಿ.ಮೀ. ಬ್ರಿಟಿಷ್ ಎಂಜಿನ್‌ಗಳು ಗಾತ್ರದಲ್ಲಿ ಚಿಕ್ಕವು. ಆರಂಭದ ದಿನಗಳ ವಿದ್ಯುತ್ ಮೋಟಾರು ಎಚ್ಓ ಪ್ರಮಾಣದ ಒಡಲೊಳಗೆ ಹಿಡಿಯದ ಕಾರಣ, ಹಳಿಯನ್ನು ಹಾಗೆಯೇ ಬಿಟ್ಟು ಒಡಲನ್ನಷ್ಟೇ ಹಿಗ್ಗಿಸಲಾಯಿತು. ಪರಿಣಾಮವಾಗಿ ಓಓ ಮಾದರಿಯ ಹಳಿ ಲೆಕ್ಕದಲ್ಲಿ ಸುಮಾರು 1257 ಮಿ.ಮೀ. ಅಗಲಕ್ಕೆ ಸಮವಾಗುತ್ತದೆ, ಮೂಲದ ಅಗಲ 1435 ಮಿ.ಮೀ. ಎಂಜಿನ್ನನ್ನು ಎದುರಿನಿಂದ ನೋಡಿದಾಗ ಕಾಲುಗಳನ್ನು ಒತ್ತಿಕೊಂಡು ನಿಂತಂತೆ ಕಾಣುವುದು ಈ ಕಾರಣಕ್ಕೇ. ಇದನ್ನು ಸಹಿಸದವರು 18.2 ಮಿ.ಮೀ. ಅಂತರದ ಇಎಂ ಅಥವಾ 18.83 ಮಿ.ಮೀ. ಅಂತರದ ಪಿ4 ಪದ್ಧತಿಯಲ್ಲಿ ಗಾಲಿಗಳನ್ನೇ ಬದಲಿಸುತ್ತಾರೆ. 7 ಮಿ.ಮೀ.ಗೆ ಒಂದು ಅಡಿಯ ಓ ಪ್ರಮಾಣದಲ್ಲಿ ಸೂಕ್ಷ್ಮ ಕೆಲಸಕ್ಕೆ ಹೆಚ್ಚು ಅವಕಾಶವಿದೆ. ಬ್ರಿಟನ್ನಿನಲ್ಲಿ 1:148 ಆಗಿರುವ ಎನ್ ಪ್ರಮಾಣದಲ್ಲಿ ಅವಕಾಶ ಕಡಿಮೆ.

ಪ್ರಮಾಣವು ಭಾಗಗಳ ದಪ್ಪವನ್ನೂ ನಿರ್ಧರಿಸುತ್ತದೆ. ಮೂಲ ಎಂಜಿನ್ನಿನ 32 ಮಿ.ಮೀ. ದಪ್ಪದ ಹಿಡಿಕಂಬಿಯು ಓಓದಲ್ಲಿ 0.42 ಮಿ.ಮೀ. ತಂತಿಯಾಗುತ್ತದೆ. ಮಾದರಿಯ ಮೇಲೆ ಬಳಿದ ಬಣ್ಣವು 0.05 ಮಿ.ಮೀ. ದಪ್ಪವಿದ್ದರೂ ಅದು ಮೂಲದಲ್ಲಿ ಸುಮಾರು 4 ಮಿ.ಮೀ. ದಪ್ಪದ ಲೇಪಕ್ಕೆ ಸಮ. ದಪ್ಪನಾಗಿ ಬಣ್ಣ ಬಳಿದ ಮಾದರಿಯಲ್ಲಿ ರಿವೆಟ್‌ಗಳು ಮುಳುಗಿಹೋಗಿ, ಎಂಜಿನ್ ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದಂತೆ ಕಾಣುವುದರ ಕಾರಣ ಈ ಲೆಕ್ಕದಲ್ಲಿದೆ.

ಒಂದು ಎಂಜಿನ್, ಒಂದು ಕಾಲ

ಉಗಿ ಎಂಜಿನ್ ಒಮ್ಮೆ ತಯಾರಾದ ಮೇಲೆ ಬದಲಾಗದೆ ಉಳಿಯುವ ವಸ್ತುವಲ್ಲ. ಅದರ ಆಯುಷ್ಯ ಮೂವತ್ತು ನಲವತ್ತು ವರ್ಷ. ಆ ಅವಧಿಯಲ್ಲಿ ಬಾಯ್ಲರು, ಚಿಮಣಿ, ಕಲ್ಲಿದ್ದಲು ಮತ್ತು ನೀರನ್ನು ಹೊರುವ ಟೆಂಡರ್ ಇವು ಒಂದರಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತಿದ್ದವು. ದುರಸ್ತಿಗೆ ಬಂದ ಎಂಜಿನ್ನಿನ ಬಾಯ್ಲರನ್ನು ಇಳಿಸಿ, ಆಗಲೇ ರಿಪೇರಿಯಾಗಿ ಸಿದ್ಧವಿದ್ದ ಬೇರೊಂದು ಬಾಯ್ಲರನ್ನು ಏರಿಸಿ ಕಳುಹಿಸುವುದು ಕಾರ್ಖಾನೆಗಳ ಸಾಮಾನ್ಯ ಕ್ರಮವಾಗಿತ್ತು. ಆದ್ದರಿಂದ ಮಾದರಿಕಾರನು ಮೊದಲು ತೀರ್ಮಾನಿಸಬೇಕಾದದ್ದು ಎಂಜಿನ್ನಿನ ಸಂಖ್ಯೆಯನ್ನಲ್ಲ, ವರ್ಷವನ್ನು.

ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಜಿನ್ ಇದಕ್ಕೆ ಒಳ್ಳೆಯ ನಿದರ್ಶನ. 1923ರಲ್ಲಿ ಡಾನ್‌ಕಾಸ್ಟರ್ ಕಾರ್ಖಾನೆಯಿಂದ ಹೊರಬಂದಾಗ ಅದರ ಸಂಖ್ಯೆ 1472. ಮರುವರ್ಷ 4472 ಆಯಿತು. 1946ರಲ್ಲಿ 103 ಎಂದಾಗಿ, ರಾಷ್ಟ್ರೀಕರಣದ ಬಳಿಕ 60103 ಎಂದಾಯಿತು. ಬಣ್ಣ ಮೊದಲು ಸೇಬುಹಸಿರು, ಯುದ್ಧಕಾಲದಲ್ಲಿ ಕಪ್ಪು, ಆಮೇಲೆ ಮತ್ತೆ ಹಸಿರು, ರಾಷ್ಟ್ರೀಕರಣದ ನಂತರ ಕೆಲಕಾಲ ನೀಲಿ, 1950ರ ದಶಕದಲ್ಲಿ ಗಾಢ ಹಸಿರು. 1947ರಲ್ಲಿ ಹೆಚ್ಚಿನ ಒತ್ತಡದ ಬಾಯ್ಲರು ಬಂದು ಎಂಜಿನ್ ಎ1 ವರ್ಗದಿಂದ ಎ3 ವರ್ಗಕ್ಕೆ ಸೇರಿತು. 1954ರಲ್ಲಿ ಚಾಲಕನ ಸ್ಥಾನ ಬಲದಿಂದ ಎಡಕ್ಕೆ ಬದಲಾಯಿತು. 1959ರಲ್ಲಿ ಜೋಡಿ ಚಿಮಣಿ, 1961ರ ಕೊನೆಯಲ್ಲಿ ಹೊಗೆಯನ್ನು ಚಾಲಕನ ಕಣ್ಣಿಗೆ ಅಡ್ಡ ಬಾರದಂತೆ ಮೇಲಕ್ಕೆ ತಳ್ಳುವ ಜರ್ಮನ್ ಮಾದರಿಯ ತಡೆಹಲಗೆಗಳು ಬಂದವು. 1963ರ ಜನವರಿಯಲ್ಲಿ ಅದು ಸೇವೆಯಿಂದ ನಿವೃತ್ತವಾಯಿತು. ಸೇಬುಹಸಿರು ಬಣ್ಣ ಬಳಿದು 4472 ಎಂದು ಬರೆದ ಮಾದರಿಯ ಇಕ್ಕೆಲಗಳಲ್ಲಿ ತಡೆಹಲಗೆಗಳಿದ್ದರೆ, ಅಂಥ ಎಂಜಿನ್ ರೈಲ್ವೆಯ ನಿತ್ಯಸೇವೆಯಲ್ಲಿ ಎಂದೂ ಇರಲಿಲ್ಲ. ಆದರೂ ಹಾಗೆ ಮಾಡಿದವನನ್ನು ಪೂರ್ತಿ ತಪ್ಪಿತಸ್ಥನೆನ್ನುವಂತಿಲ್ಲ. ಖಾಸಗಿ ಒಡೆತನದಲ್ಲಿ ಸಂರಕ್ಷಿತವಾಗಿದ್ದ ಕಾಲದಲ್ಲಿ, 2000ದ ದಶಕದ ಆರಂಭದಲ್ಲಿ, ಮೂಲ ಎಂಜಿನ್ನೇ ಆ ವೇಷದಲ್ಲಿ ಓಡಿತ್ತು. ಹೀಗೆ ಸಂರಕ್ಷಿತ ಎಂಜಿನ್ನನ್ನು ನೋಡಿ ಇತಿಹಾಸದ ಮಾದರಿ ಮಾಡಲು ಹೊರಟವರು ಮೋಸಹೋಗುವುದುಂಟು.

ಹೆಸರುವಾಸಿಯಲ್ಲದ ಎಂಜಿನ್‌ಗಳ ವಿಷಯ ಇನ್ನೂ ಸೂಕ್ಷ್ಮ. ಲಂಡನ್, ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆಯ ವಿಲಿಯಂ ಸ್ಟೇನಿಯರ್ ವಿನ್ಯಾಸಗೊಳಿಸಿದ ‘ಬ್ಲ್ಯಾಕ್ ಫೈವ್’ ವರ್ಗದ 842 ಎಂಜಿನ್‌ಗಳು 1934ರಿಂದ 1951ರವರೆಗೆ ತಯಾರಾದವು. ಇವುಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ಹೆಸರಿತ್ತು. ಆರಂಭದವುಗಳ ಬಾಯ್ಲರಿನ ಮೇಲೆ ಗುಮ್ಮಟವಿರಲಿಲ್ಲ; ನಂತರದವುಗಳಿಗಿತ್ತು. ಬಾಯ್ಲರುಗಳ ಅದಲುಬದಲಿನಿಂದ ಈ ವ್ಯತ್ಯಾಸವೂ ಸಂಖ್ಯಾನುಕ್ರಮದಲ್ಲಿ ಉಳಿಯಲಿಲ್ಲ. ಕೆಲವಕ್ಕೆ ರಿವೆಟ್ ಹೊಡೆದ ಟೆಂಡರ್, ಕೆಲವಕ್ಕೆ ಬೆಸುಗೆ ಹಾಕಿದ ನುಣುಪಾದ ಟೆಂಡರ್. ಹೆಚ್ಚಿನವಕ್ಕೆ ವಾಲ್ಷಾರ್ಟ್ಸ್ ವಾಲ್ವ್ ಗೇರ್, ಕೆಲವಕ್ಕೆ ಕ್ಯಾಪ್ರೋಟಿ, 4767 ಸಂಖ್ಯೆಯ ಒಂದೇ ಒಂದಕ್ಕೆ ಹೊರಬದಿಯಲ್ಲಿ ಸ್ಟೀಫನ್ಸನ್ ಗೇರ್. ಪೆಟ್ಟಿಗೆಯಿಂದ ತೆಗೆದ ಮಾದರಿಯ ಸಂಖ್ಯೆಯನ್ನಷ್ಟೇ ಅಳಿಸಿ ಬೇರೆ ಸಂಖ್ಯೆ ಅಂಟಿಸಿದರೆ ಸಾಲದೆಂಬುದು ಇದರಿಂದ ತಿಳಿಯುತ್ತದೆ.

ಕಾಲವನ್ನು ಸೂಚಿಸುವ ಕಿರುಗುರುತುಗಳೂ ಇವೆ. ಬ್ರಿಟಿಷ್ ರೈಲ್ವೇಸ್ ಟೆಂಡರಿನ ಮೇಲೆ ಹಾಕುತ್ತಿದ್ದ ಚಕ್ರದ ಮೇಲೆ ನಿಂತ ಸಿಂಹದ ಲಾಂಛನಕ್ಕೆ ಬದಲಾಗಿ 1956ರಿಂದ ಹೊಸ ಲಾಂಛನ ಬಂತು. ಹೊಸದರಲ್ಲಿ ಮೊದಮೊದಲು ಎಂಜಿನ್ನಿನ ಎರಡು ಬದಿಗಳಲ್ಲೂ ಸಿಂಹ ಮುಂದಕ್ಕೇ ಮುಖ ಮಾಡಿತ್ತು. ಲಾಂಛನಶಾಸ್ತ್ರದ ಅಧಿಕಾರಿಗಳು ಆಕ್ಷೇಪಿಸಿದ ಮೇಲೆ ಎರಡೂ ಬದಿಗಳಲ್ಲಿ ಅದು ಎಡಕ್ಕೇ ತಿರುಗಿತು. 1960ರ ಆಸುಪಾಸಿನಲ್ಲಿ, ಮೇಲಿನ ವಿದ್ಯುತ್ ತಂತಿಯ ಅಪಾಯವನ್ನು ಸೂಚಿಸುವ ಮಿಂಚಿನ ಗುರುತಿನ ಫಲಕಗಳು ಬಂದವು. ಕ್ರೂ ನಿಲ್ದಾಣದ ದಕ್ಷಿಣಕ್ಕೆ ವಿದ್ಯುತ್ ತಂತಿಯ ಕೆಳಗೆ ಓಡಬಾರದೆಂದು ಕೆಲವು ವರ್ಗಗಳ ಎಂಜಿನ್‌ಗಳ ಕ್ಯಾಬಿನ ಪಕ್ಕದಲ್ಲಿ ಬಳಿದ ಓರೆಯ ಹಳದಿ ಪಟ್ಟಿ 1964ರ ಸೆಪ್ಟೆಂಬರಿನ ನಿಷೇಧಕ್ಕೆ ಸೇರಿದ್ದು. ಎಂಜಿನ್ನಿನ ಮುಂಬಾಗಿಲ ಕೆಳಗಿನ ಷೆಡ್ ಫಲಕವೂ ಹೀಗೆಯೇ. ಲ್ಯಾಂಕಷೈರಿನ ಕಾರ್ನ್‌ಫೋರ್ತ್ ಷೆಡ್ಡಿನ ಸಂಕೇತ 1958ರವರೆಗೆ 11ಎ, ಅಲ್ಲಿಂದ 1963ರವರೆಗೆ 24ಎಲ್, ಆಮೇಲೆ 10ಎ. ತಾಳೆಕಾಳಿಗಿಂತ ಚಿಕ್ಕದಾದ ಈ ಫಲಕವನ್ನು ಓದಬಲ್ಲವರು ನೋಡುಗರಲ್ಲಿ ಕಡಿಮೆ. ಆದರೂ ಅದನ್ನು ಸರಿಯಾಗಿ ಹಾಕುವುದು ಈ ಹವ್ಯಾಸದ ಶಿಸ್ತು.

ಆಧಾರಗಳು

ಮುಖ್ಯ ಆಧಾರ ದಿನಾಂಕವಿರುವ ಛಾಯಾಚಿತ್ರ. ಒಂದೇ ಎಂಜಿನ್ನಿನ ಎಡಬಲಗಳೆರಡರ, ಒಂದೆರಡು ವರ್ಷಗಳ ಅಂತರದೊಳಗಿನ ಚಿತ್ರಗಳಿದ್ದರೆ ಕೆಲಸ ಸುಲಭ. ಹಾಗೆ ದೊರೆಯುವುದು ಅಪರೂಪ. ಕಾರ್ಖಾನೆಯ ನಕ್ಷೆಗಳು ಅಳತೆಗೆ ನೆಚ್ಚಬಹುದಾದವು. ಆದರೆ ನಕ್ಷೆಯಲ್ಲಿರುವುದು ಎಂಜಿನ್ ಹೇಗಿರಬೇಕಿತ್ತು ಎಂಬುದು, ಹೇಗಿತ್ತು ಎಂಬುದಲ್ಲ. ಕಪ್ಪುಬಿಳುಪು ಚಿತ್ರಗಳಲ್ಲಿ ತುಕ್ಕು, ಜಿಡ್ಡು, ನೆರಳು ಮೂರೂ ಒಂದೇ ಬೂದುಬಣ್ಣ. ಹಳೆಯ ಬಣ್ಣದ ಫಿಲ್ಮುಗಳು ಕಾಲಕ್ರಮದಲ್ಲಿ ಬಣ್ಣಗೆಡುವುದರಿಂದ ಅವುಗಳಿಂದ ಬಣ್ಣದ ಖಚಿತ ಛಾಯೆಯನ್ನು ತಿಳಿಯಲಾಗದು. ಕೊಳೆ ಎಲ್ಲಿ ಕೂತಿತ್ತು, ಎಲ್ಲಿ ಇರಲಿಲ್ಲ ಎಂಬುದನ್ನು ಮಾತ್ರ ತಿಳಿಯಬಹುದು. ವೆದರಿಂಗಿಗೆ ಅಷ್ಟು ಸಾಕಾಗುತ್ತದೆ.

ಎಲ್ಲಕ್ಕಿಂತ ದುರ್ಬಲ ಆಧಾರವೆಂದರೆ ಇನ್ನೊಬ್ಬರು ಮಾಡಿದ ಮಾದರಿ. ಮಾದರಿಯನ್ನು ನೋಡಿ ಮಾದರಿ ಮಾಡಿದಾಗ ಒಬ್ಬರ ಉತ್ಪ್ರೇಕ್ಷೆ ಇನ್ನೊಬ್ಬರಿಗೆ ಪ್ರಮಾಣವಾಗುತ್ತದೆ. ಕಿತ್ತಳೆ ಬಣ್ಣದ ತುಕ್ಕಿನ ಗೆರೆಗಳು ಮಾದರಿಗಳಲ್ಲಿ ಇಷ್ಟು ಹೆಚ್ಚಾಗಿ, ಮೂಲದ ಚಿತ್ರಗಳಲ್ಲಿ ಇಷ್ಟು ವಿರಳವಾಗಿ ಕಾಣುವುದಕ್ಕೆ ಬೇರೆ ವಿವರಣೆಯಿಲ್ಲ.

ಡೀಟೇಲಿಂಗ್

ಸಿದ್ಧ ಮಾದರಿಗಳಲ್ಲಿ ಹಿಂದೆ ಹಿಡಿಕಂಬಿ, ಕೊಳವೆಗಳೆಲ್ಲ ಒಡಲಿನೊಡನೆಯೇ ಪ್ಲಾಸ್ಟಿಕ್ಕಿನಲ್ಲಿ ಉಬ್ಬಾಗಿ ಅಚ್ಚಾಗಿರುತ್ತಿದ್ದವು. ಅವನ್ನು ಚೂಪಾದ ಉಳಿಯಿಂದ ಕೆತ್ತಿ ತೆಗೆದು, ಸಣ್ಣ ರಂಧ್ರಗಳನ್ನು ಕೊರೆದು, ಹಿತ್ತಾಳೆಯ ಗುಬ್ಬಿಗಳನ್ನು ನೆಟ್ಟು, ಅವುಗಳ ಮೂಲಕ ತಂತಿಯನ್ನು ಹಾಯಿಸುವುದು ಈ ಕಲೆಯ ಮೊದಲ ಪಾಠವಾಗಿತ್ತು. ಇಂದಿನ ಮಾದರಿಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಕಾರ್ಖಾನೆಯಲ್ಲೇ ಆಗಿರುತ್ತದೆ. ಉಳಿಯುವುದು ತೆಗೆದುಹಾಕುವ ಮತ್ತು ಬದಲಿಸುವ ಕೆಲಸ.

ಬದಲಿ ಭಾಗಗಳು ನಾಲ್ಕು ಬಗೆಯಲ್ಲಿ ಸಿಗುತ್ತವೆ. ಹೆಸರುಫಲಕ, ಸಂಖ್ಯಾಫಲಕ, ಮೆಟ್ಟಿಲು ಮುಂತಾದ ಚಪ್ಪಟೆ ಭಾಗಗಳನ್ನು ಹಿತ್ತಾಳೆ ಅಥವಾ ನಿಕ್ಕಲ್ ಸಿಲ್ವರ್ ತಗಡಿನಿಂದ ರಾಸಾಯನಿಕವಾಗಿ ಕೊರೆದು ತೆಗೆಯುತ್ತಾರೆ. ಚಿಮಣಿ, ಸೀಟಿ, ಸೇಫ್ಟಿ ವಾಲ್ವುಗಳು ಮೇಣದಚ್ಚಿನ ವಿಧಾನದಲ್ಲಿ ಎರಕ ಹೊಯ್ದ ಹಿತ್ತಾಳೆಯವು. ವಿಗ್ರಹ ಎರಕದಲ್ಲಿ ನಮ್ಮವರಿಗೆ ಪರಿಚಿತವಾದ ವಿಧಾನವೇ ಇದು. ಸೀಸ ತವರಗಳ ಮಿಶ್ರಲೋಹದ ಎರಕಗಳು ಅಗ್ಗ, ಆದರೆ ಒರಟು. ಈಚೆಗೆ ರಾಳದ ತ್ರಿವಿಮ ಮುದ್ರಣದಿಂದ ಬೇಕಾದ ಭಾಗವನ್ನು ಮನೆಯಲ್ಲೇ ಪಡೆಯುವವರೂ ಇದ್ದಾರೆ.

ಎಂಜಿನ್ನಿನ ಮುಂಭಾಗಕ್ಕೆ ನಿರ್ವಾತ ಬ್ರೇಕಿನ ಕೊಳವೆ, ತಿರುಪಿನ ಕೊಂಡಿ ಮತ್ತು ದೀಪಗಳನ್ನು ಸೇರಿಸುವುದರಿಂದ ನೋಟ ಹೆಚ್ಚು ಬದಲಾಗುತ್ತದೆ. ದೀಪಗಳನ್ನು ಅಂದಕ್ಕಾಗಿ ಇಡುವಂತಿಲ್ಲ. ಬ್ರಿಟನ್ನಿನಲ್ಲಿ ಎರಡು ಬಫರುಗಳ ಮೇಲೆ ಒಂದೊಂದು ದೀಪವಿದ್ದರೆ ಎಕ್ಸ್‌ಪ್ರೆಸ್ ರೈಲು. ಚಿಮಣಿಯ ಬುಡದಲ್ಲಿ ಒಂದೇ ದೀಪವಿದ್ದರೆ ಸಾಮಾನ್ಯ ಪ್ರಯಾಣಿಕರ ರೈಲು. ಸರಕು ಬಂಡಿಗಳನ್ನು ಎಳೆಯುವ ಎಂಜಿನ್ನಿಗೆ ಎಕ್ಸ್‌ಪ್ರೆಸ್ಸಿನ ದೀಪ ಇಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ. ಟೆಂಡರಿನಲ್ಲಿ ಪ್ಲಾಸ್ಟಿಕ್ಕಿನ ದಿಬ್ಬಕ್ಕೆ ಬದಲು ಪುಡಿಮಾಡಿದ ನಿಜವಾದ ಕಲ್ಲಿದ್ದಲನ್ನು ತೆಳ್ಳಗಿನ ಅಂಟಿನಿಂದ ಕೂರಿಸುತ್ತಾರೆ. ದಾರಿಯಲ್ಲಿ ಓಡುತ್ತಿರುವ ಎಂಜಿನ್ನಾದರೆ ಚಾಲಕ ಮತ್ತು ಫೈರ್‌ಮನ್ ಇರಲೇಬೇಕು.

ಸಂಖ್ಯೆ ಬದಲಿಸಲು ಕಾರ್ಖಾನೆಯ ಅಚ್ಚನ್ನು ಹತ್ತಿಕಡ್ಡಿ ಮತ್ತು ಎನಾಮಲ್ ಥಿನ್ನರಿನಿಂದ ಮೆಲ್ಲಗೆ ಉಜ್ಜಿ ತೆಗೆಯುತ್ತಾರೆ. ಆ ಜಾಗಕ್ಕೆ ಹೊಳಪಿನ ವಾರ್ನಿಷ್ ಬಳಿದು, ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್ ಅಂಟಿಸಿ, ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಷ್ ಕೊಡುತ್ತಾರೆ. ಮೊದಲ ಹೊಳಪಿನ ಪದರವನ್ನು ಬಿಟ್ಟರೆ ಡೆಕಾಲಿನ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಅಂಚು ಬೆಳ್ಳಗೆ ಕಾಣುತ್ತದೆ.

ಕೊಳೆಯ ಕಾರಣಗಳು

ವೆದರಿಂಗನ್ನು ಬಣ್ಣ ಹಚ್ಚುವ ಕೆಲಸವೆಂದು ತಿಳಿಯುವುದಕ್ಕಿಂತ, ಎಂಜಿನ್ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಓದುವ ಕೆಲಸವೆಂದು ತಿಳಿಯುವುದು ಹೆಚ್ಚು ಸರಿ. ಎಂಜಿನ್ನಿನ ಮೇಲಿನ ಪ್ರತಿ ಕಲೆಗೂ ಒಂದು ಕಾರಣವಿದೆ.

ಮಸಿಯು ಚಿಮಣಿಯಿಂದ ಮೇಲೇರಿ ಬಾಯ್ಲರಿನ ಬೆನ್ನು, ಕ್ಯಾಬಿನ ಮಾಡು, ಟೆಂಡರಿನ ಮೇಲ್ಭಾಗಗಳ ಮೇಲೆ ಕೂರುತ್ತದೆ. ಆದ್ದರಿಂದ ಎಂಜಿನ್ನಿನ ಮೇಲ್ಭಾಗದ ಕೊಳೆ ಕಪ್ಪು. ಕೆಳಭಾಗದ್ದು ಕಂದು. ಗಾಲಿಗಳನ್ನು ಒತ್ತುವ ಬೀಡುಕಬ್ಬಿಣದ ಬ್ರೇಕ್ ಬ್ಲಾಕುಗಳು ತೇದು ಉದುರುವ ಪುಡಿ, ಹಳಿಬದಿಯ ಧೂಳು, ಸೋರಿದ ಎಣ್ಣೆ ಇವು ಸೇರಿ ಗಾಲಿ ಮತ್ತು ಚೌಕಟ್ಟುಗಳ ಮೇಲೆ ಕಂದುಗಪ್ಪಿನ ಪದರ ಕಟ್ಟುತ್ತಿದ್ದವು. ಗಾಲಿಯ ಅಂಚು ಮಾತ್ರ ಹಳಿಗೆ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಬಾಯ್ಲರಿನ ಮುಂದೆ ಹೊಗೆ ಬಂದು ಸೇರುವ ಕೋಣೆಗೆ ಸ್ಮೋಕ್‌ಬಾಕ್ಸ್ ಎಂದು ಹೆಸರು. ಕೊಳವೆಗಳಲ್ಲಿ ಹಾರಿಬಂದ ಕೆಂಡದ ಚೂರುಗಳು ಅದರ ತಳದಲ್ಲಿ ರಾಶಿಯಾಗುತ್ತಿದ್ದವು. ಬಾಗಿಲು ಬಿಗಿಯಾಗಿ ಮುಚ್ಚದೆ ಗಾಳಿ ಒಳಹೊಕ್ಕರೆ ಆ ರಾಶಿ ಹೊತ್ತಿಕೊಂಡು ಬಾಗಿಲಿನ ಕೆಳಭಾಗದ ಬಣ್ಣ ಸುಟ್ಟು ತುಕ್ಕು ಹಿಡಿಯುತ್ತಿತ್ತು. ಷೆಡ್ಡಿನಲ್ಲಿ ಬಾಗಿಲು ತೆರೆದು ಸಲಿಕೆಯಿಂದ ಬೂದಿಯನ್ನು ಎಳೆದು ಹಾಕುವಾಗ ಒಂದಿಷ್ಟು ಮುಂದಿನ ಹಲಗೆಯ ಮೇಲೆ ಉಳಿಯುತ್ತಿತ್ತು. ಆದ್ದರಿಂದ ಬಾಗಿಲಿನ ಅಡಿಯಲ್ಲಿ ತುಕ್ಕಿನ ಛಾಯೆ, ಹಲಗೆಯ ಮೇಲೆ ಬೂದಿ: ಇವೆರಡು ಒಟ್ಟಿಗೆ ಬರಬೇಕಾದವು.

ಬಿಳಿಯ ಗೆರೆಗಳು ನೀರಿನಿಂದ ಬಂದವು. ಬಾಯ್ಲರಿನ ನೀರು ಸೇಫ್ಟಿ ವಾಲ್ವ್, ಸೀಟಿ ಅಥವಾ ನೀರು ತುಂಬುವ ಕವಾಟದ ಬಳಿ ಉಕ್ಕಿ ಹೊರಬಂದು ಬಿಸಿ ಕವಚದ ಮೇಲೆ ಆರಿದಾಗ, ಅದರಲ್ಲಿ ಕರಗಿದ್ದ ಲವಣ ಬೆಳ್ಳಗೆ ಉಳಿಯುತ್ತದೆ. ಗಡಸು ನೀರಿನ ಬಿಂದಿಗೆಯ ಒಳಮೈ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ದಕ್ಷಿಣ ಇಂಗ್ಲೆಂಡಿನ ಸೀಮೆಸುಣ್ಣದ ನೆಲದ ನೀರು ಗಡಸು. ಸ್ಕಾಟ್ಲೆಂಡಿನ ಗುಡ್ಡಗಾಡಿನ ನೀರು ಮೆದು. ಎಂಜಿನ್ ಎಲ್ಲಿ ದುಡಿಯಿತು ಎಂಬುದರ ಮೇಲೆ ಬಿಳಿ ಗೆರೆಗಳ ಪ್ರಮಾಣವೂ ಬದಲಾಗಬೇಕು.

ಮನುಷ್ಯನ ಕೈಕಾಲುಗಳ ಗುರುತೂ ಇದೆ. ಮೆಟ್ಟಿಲುಗಳ ನಡುಭಾಗ ಬೂಟುಗಾಲಿನಿಂದ ಸವೆದು ಬರಿಯ ಲೋಹ ಕಾಣುತ್ತದೆ. ಅಂಚುಗಳಲ್ಲಿ ಕೊಳೆ ಹಾಗೆಯೇ ಇರುತ್ತದೆ. ಹಿಡಿಕಂಬಿಗಳು ಕೈ ತಾಗಿ ನುಣುಪಾಗುತ್ತವೆ. ಕನೆಕ್ಟಿಂಗ್ ರಾಡುಗಳ ಕೀಲುಗಳಿಗೆ ಚಾಲಕ ದಿನವೂ ಎಣ್ಣೆ ಹಾಕುತ್ತಿದ್ದುದರಿಂದ ಅಲ್ಲಿನ ಕೊಳೆ ಒಣಗಿದ್ದಲ್ಲ, ಜಿಡ್ಡಾಗಿ ಮಿನುಗುವಂಥದು. ಟೆಂಡರಿನ ಹಿಂಬದಿಯಲ್ಲಿ ನೀರು ತುಂಬುವಾಗ ಚೆಲ್ಲಿ ಹರಿದ ಜಾಡಿನಲ್ಲಿ ಕೊಳೆ ತೊಳೆದುಹೋಗಿ ಅಡಿಯ ಬಣ್ಣ ಇಣುಕುತ್ತದೆ.

ಕೊಳೆಯ ಪ್ರಮಾಣಕ್ಕೂ ಚರಿತ್ರೆಯಿದೆ. 1930ರ ದಶಕದಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಂಥ ದೊಡ್ಡ ಷೆಡ್ಡುಗಳಲ್ಲಿ ಎಕ್ಸ್‌ಪ್ರೆಸ್ ಎಂಜಿನ್‌ಗಳನ್ನು ಒರೆಸಿ ಹೊಳಪಿಡಲು ಹುಡುಗರ ತಂಡಗಳೇ ಇರುತ್ತಿದ್ದವು; ಕ್ಲೀನರ್ ಆಗಿ ಸೇರಿ, ಫೈರ್‌ಮನ್ ಆಗಿ, ಕೊನೆಗೆ ಚಾಲಕನಾಗುವುದು ಅಂದಿನ ಕ್ರಮ. ಯುದ್ಧಾನಂತರ ಬೇರೆ ಉದ್ಯೋಗಗಳು ತೆರೆದುಕೊಂಡು, ಕೊಳಕು ಕೆಲಸಕ್ಕೆ ಹುಡುಗರು ಸಿಗದಾದರು. 1960ರ ದಶಕದಲ್ಲಿ ಉಗಿ ಎಂಜಿನ್ನಿನ ದಿನಗಳು ಮುಗಿಯುತ್ತ ಬಂದಂತೆ ಒರೆಸುವವರೇ ಇಲ್ಲದಾಯಿತು. ಇಡೀ ಎಂಜಿನ್ ಮಸಿಯಲ್ಲಿ ಮುಳುಗಿದ್ದು, ಕ್ಯಾಬಿನ ಪಕ್ಕದ ಸಂಖ್ಯೆಯನ್ನು ಮಾತ್ರ ಯಾರೋ ಬಟ್ಟೆಯಿಂದ ಒರೆಸಿದ ಗುರುತು ಆ ಕಾಲದ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಬ್ರಿಟಿಷ್ ರೈಲ್ವೇಸ್‌ನಲ್ಲಿ ಉಗಿ ಎಂಜಿನ್‌ಗಳ ಸಾಮಾನ್ಯ ಸೇವೆ ಕೊನೆಗೊಂಡದ್ದು 1968ರ ಆಗಸ್ಟಿನಲ್ಲಿ. ಕಾರ್ನ್‌ಫೋರ್ತ್, ಲಾಸ್ಟಾಕ್ ಹಾಲ್, ರೋಸ್ ಗ್ರೋವ್ ಎಂಬ ಕೊನೆಯ ಮೂರು ಷೆಡ್ಡುಗಳ ಎಂಜಿನ್‌ಗಳಲ್ಲಿ ಹಲವಕ್ಕೆ ಸಂಖ್ಯಾಫಲಕಗಳೂ ಉಳಿದಿರಲಿಲ್ಲ. ಮುಂಬಾಗಿಲ ಮೇಲೆ ಕೈಯಿಂದ ಸಂಖ್ಯೆ ಬರೆಯಲಾಗಿತ್ತು. 1937ರ ಎಕ್ಸ್‌ಪ್ರೆಸ್ ಎಂಜಿನ್ನಿಗೆ 1967ರ ಕೊಳೆ ಬಳಿಯುವುದು, 1967ರ ಬ್ಲ್ಯಾಕ್ ಫೈವನ್ನು ಕನ್ನಡಿಯಂತೆ ಹೊಳೆಯಿಸುವುದು ಎರಡೂ ಸಮಾನ ತಪ್ಪುಗಳು. ಸಂರಕ್ಷಣೆಗೆ ಒಳಗಾಗದೆ ಗುಜರಿಗೆ ಹೋದ ಸಾವಿರಾರು ಎಂಜಿನ್‌ಗಳು ತಮ್ಮ ದುಡಿಮೆಯ ರೂಪದಲ್ಲಿ ಉಳಿದಿರುವುದು ಛಾಯಾಚಿತ್ರಗಳಲ್ಲಿ ಮತ್ತು ಇಂಥ ಮಾದರಿಗಳಲ್ಲಿ ಮಾತ್ರ.

ವೆದರಿಂಗ್ ವಿಧಾನ

ಕೆಲಸಕ್ಕೆ ಮುಂಚೆ ಮಾದರಿಯ ಒಡಲನ್ನು ಕಳಚಿ, ಸಾಬೂನು ನೀರಿನಿಂದ ಬೆರಳಿನ ಜಿಡ್ಡನ್ನು ತೊಳೆದು ಒಣಗಿಸಬೇಕು. ಮೋಟಾರು ಮತ್ತು ಗಾಲಿಗಳಿಂದ ವಿದ್ಯುತ್ತನ್ನು ಪಡೆಯುವ ತಂತಿಗಳಿಗೆ ಬಣ್ಣ ತಾಗದಂತೆ ಮರೆಮಾಡಬೇಕು.

ಹೆಚ್ಚು ಬಳಕೆಯಲ್ಲಿರುವ ವಿಧಾನ ಬಳಿದು ಒರೆಸುವುದು. ತೆಳುಗೊಳಿಸಿದ ಎನಾಮಲ್ ಬಣ್ಣವನ್ನು ಕುಂಚದಿಂದ ಬಳಿದು, ಪೂರ್ತಿ ಒಣಗುವ ಮೊದಲೇ ಥಿನ್ನರಿನಲ್ಲಿ ತುಸು ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದರೆ, ಬಣ್ಣವು ಸಂದುಗಳಲ್ಲಿ ಮತ್ತು ರಿವೆಟ್‌ಗಳ ಸುತ್ತ ಮಾತ್ರ ಉಳಿಯುತ್ತದೆ. ಒರೆಸುವ ದಿಕ್ಕು ಮೇಲಿನಿಂದ ಕೆಳಕ್ಕೆ, ಮಳೆನೀರು ಹರಿಯುವ ಹಾಗೆ. ಮಾರ್ಟಿನ್ ವೆಲ್ಚ್ ಅವರ ‘ದಿ ಆರ್ಟ್ ಆಫ್ ವೆದರಿಂಗ್’ ಪುಸ್ತಕವು ಈ ವಿಧಾನವನ್ನು ಬ್ರಿಟನ್ನಿನ ಹವ್ಯಾಸಿಗಳಲ್ಲಿ ಜನಪ್ರಿಯಗೊಳಿಸಿತು. ಒಣಗಿದ ಮೇಲೆ ಉಜ್ಜಿದರೆ ಲೋಹದ ಮಿನುಗು ಕೊಡುವ ಗನ್‌ಮೆಟಲ್ ಬಣ್ಣವನ್ನು ಕಂದು ಮತ್ತು ಕಪ್ಪಿಗೆ ಬೆರೆಸಿ ಎಣ್ಣೆಜಿಡ್ಡಿನ ಮೈಯನ್ನು ಮೂಡಿಸುವುದುಂಟು.

ಏರ್‌ಬ್ರಷ್ ಬಳಕೆ ಎರಡನೆಯ ಹಂತ. ಮಸಿ, ಧೂಳುಗಳು ಮೂಲದಲ್ಲಿ ಗಾಳಿಯಿಂದ ಬಂದು ಕೂತವಾದ್ದರಿಂದ ಅವನ್ನು ಮೂಡಿಸಲು ಗಾಳಿಯೇ ತಕ್ಕ ಸಾಧನ. ಸುಮಾರು 1ರಿಂದ 1.5 ಬಾರ್ ಒತ್ತಡದಲ್ಲಿ, ಬಹಳ ತೆಳುವಾದ ಬಣ್ಣವನ್ನು ಹಲವು ಸಲ ಹಾಯಿಸುತ್ತಾರೆ. ಗಾಲಿ ಮತ್ತು ರಾಡುಗಳಿಗೆ ಸಿಂಪಡಿಸುವಾಗ ಎಂಜಿನ್ನಿಗೆ ವಿದ್ಯುತ್ ಕೊಟ್ಟು ಗಾಲಿಗಳನ್ನು ನಿಧಾನವಾಗಿ ತಿರುಗಿಸುತ್ತಿರಬೇಕು. ಇಲ್ಲವಾದರೆ ರಾಡಿನ ನೆರಳು ಗಾಲಿಯ ಮೇಲೆ ಸ್ವಚ್ಛ ಪಟ್ಟಿಯಾಗಿ ಉಳಿದು, ಎಂಜಿನ್ ಹೊರಟ ಕೂಡಲೇ ಗುಟ್ಟು ರಟ್ಟಾಗುತ್ತದೆ. ಥಿನ್ನರಿನ ಆವಿ ಬೇಗ ಹೊತ್ತಿಕೊಳ್ಳುವಂಥದು, ಮೋಟಾರು ಕಿಡಿ ಹಾರಿಸುವಂಥದು. ಆದ್ದರಿಂದ ಗಾಳಿಯಾಡುವ ಜಾಗ ಮತ್ತು ಮುಖಗವಸು ಅತ್ಯಗತ್ಯ. ಕೊನೆಯಲ್ಲಿ ಗಾಲಿಯ ಅಂಚನ್ನು ಲೋಹ ಕಾಣುವವರೆಗೆ ಒರೆಸದಿದ್ದರೆ ಎಂಜಿನ್ ಓಡುವುದಿಲ್ಲ.

ಬೂದಿ, ಒಣಧೂಳುಗಳಿಗೆ ಬಣ್ಣದ ಪುಡಿಗಳನ್ನು ಮೆದು ಕುಂಚದಿಂದ ಹಚ್ಚುತ್ತಾರೆ. ಸವೆದ ಲೋಹಕ್ಕೆ ಮೆದು ಪೆನ್ಸಿಲಿನ ಸೀಸ ಸಾಕು. ಅಚ್ಚ ಕಪ್ಪು, ಅಚ್ಚ ಬಿಳುಪುಗಳನ್ನು ಬಳಸಬಾರದೆಂಬ ನಿಯಮ ಎಲ್ಲ ಕಡೆಗೂ ಅನ್ವಯಿಸುತ್ತದೆ. ದೂರದ ವಸ್ತುವಿನ ಬಣ್ಣ ಗಾಳಿಯಲ್ಲಿ ಮಾಸುವುದರಿಂದ ಕಪ್ಪು ಎಂಜಿನ್ನಿನ ಮಾದರಿಗೆ ಗಾಢ ಬೂದುಬಣ್ಣವೇ ನಿಜವಾದ ಕಪ್ಪಾಗಿ ತೋರುತ್ತದೆ.

ಬೆಳವಣಿಗೆ

ಆಟಿಕೆಯ ರೈಲುಗಳು ಹೊಳೆಯುವ ಎನಾಮಲ್ಲಿನವು. ಅವನ್ನು ಬೇಕೆಂದೇ ಕೊಳೆಯಾಗಿಸುವ ವಿಚಾರ ಬಹುಕಾಲ ವಿಚಿತ್ರವೆನಿಸಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಛಾಯಾಗ್ರಾಹಕ ಜಾನ್ ಆಲೆನ್ (1913–1973) ತಮ್ಮ ‘ಗೋರಿ ಅಂಡ್ ಡಿಫೀಟೆಡ್’ ಎಂಬ ಕಲ್ಪಿತ ರೈಲುಮಾರ್ಗದಲ್ಲಿ ಬಂಡಿ, ಕಟ್ಟಡ, ಎಂಜಿನ್ ಎಲ್ಲವನ್ನೂ ಹಳತಾದಂತೆ ಚಿತ್ರಿಸಿ ಈ ಅಭಿರುಚಿಯನ್ನು ಹರಡಿದರು. ಅದೇ ಮಾರ್ಗದಲ್ಲಿ ಬಂಡಿಗಳನ್ನು ಎಳೆಯಲು ಒಂದು ಡೈನೋಸಾರನ್ನೂ ಇಟ್ಟಿದ್ದವರು ಅವರು. ನೈಜತೆಯ ಪ್ರವರ್ತಕರಿಗೆ ಹಾಸ್ಯಪ್ರಜ್ಞೆ ಇರಬಾರದೆಂದಿಲ್ಲ. ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಆ ಮಾದರಿ ಬೆಂಕಿಗೆ ಆಹುತಿಯಾಯಿತು. ಇಂಗ್ಲೆಂಡಿನಲ್ಲಿ ರಾಯ್ ಇಂಗ್ಲೆಂಡ್ ಸ್ಥಾಪಿಸಿದ ಪೆಂಡನ್ ವಸ್ತುಸಂಗ್ರಹಾಲಯವು ಎರಡು ಯುದ್ಧಗಳ ನಡುವಣ ಗ್ರಾಮಾಂತರ ಬದುಕನ್ನೂ ಗ್ರೇಟ್ ವೆಸ್ಟರ್ನ್ ರೈಲ್ವೆಯನ್ನೂ ಅಳತೆಗೆ ಸರಿಯಾಗಿ ಮರುಸೃಷ್ಟಿಸಿದೆ.

ಭಾರತೀಯ ಎಂಜಿನ್‌ಗಳು

ಭಾರತೀಯ ಉಗಿ ಎಂಜಿನ್‌ಗಳ ಮಾದರಿಕಾರರಿಗೆ ಹಳಿಯ ಅಗಲವೇ ಮೊದಲ ತೊಡಕು. 1676 ಮಿ.ಮೀ. ಬ್ರಾಡ್‌ಗೇಜ್ ಎಚ್ಓ ಪ್ರಮಾಣದಲ್ಲಿ 19.2 ಮಿ.ಮೀ. ಆಗಬೇಕು, ಮಾರುಕಟ್ಟೆಯ 16.5 ಮಿ.ಮೀ. ಹಳಿ ಅದಕ್ಕೆ ಕಿರಿದು. ಮೀಟರ್‌ಗೇಜಿಗೆ 12 ಮಿ.ಮೀ. ಹಳಿ ತಕ್ಕಮಟ್ಟಿಗೆ ಹೊಂದುತ್ತದೆ. ಸಿದ್ಧ ಮಾದರಿಗಳು ಅಪರೂಪವಾದ್ದರಿಂದ ತಗಡು, ಪ್ಲಾಸ್ಟಿಕ್ ಹಾಳೆಗಳಿಂದ ಮೊದಲಿನಿಂದಲೇ ಕಟ್ಟುವವರೇ ಹೆಚ್ಚು.

1947ರಿಂದ 1967ರವರೆಗೆ ತಯಾರಾದ ಡಬ್ಲ್ಯುಪಿ ವರ್ಗದ 755 ಎಂಜಿನ್‌ಗಳು ಬಂದೂಕಿನ ಗುಂಡಿನಂಥ ದುಂಡು ಮೂತಿಯಿಂದ ಪ್ರಸಿದ್ಧ. ಮೂತಿಯ ಮೇಲಿನ ನಕ್ಷತ್ರ ಮತ್ತು ಅಲಂಕಾರ ಷೆಡ್ಡಿನಿಂದ ಷೆಡ್ಡಿಗೆ ಬೇರೆಯಾಗುತ್ತಿತ್ತು. ಸಂಖ್ಯೆಯನ್ನು ಇಂಗ್ಲಿಷ್ ಅಂಕಿಗಳೊಂದಿಗೆ ದೇವನಾಗರಿಯಲ್ಲೂ ಬರೆಯುತ್ತಿದ್ದರು. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು ಎಂಬುದನ್ನೂ ಮಾದರಿಕಾರ ಮರೆಯುವಂತಿಲ್ಲ. ಕರ್ನಾಟಕದ ಮೀಟರ್‌ಗೇಜ್ ಮಾರ್ಗಗಳಲ್ಲಿ ಓಡಿದ ವೈಪಿ, ವೈಜಿ ವರ್ಗದ ಎಂಜಿನ್‌ಗಳ ವಿಷಯದಲ್ಲಿ ಮಣ್ಣಿನ ಬಣ್ಣವೂ ಪ್ರಶ್ನೆಯಾಗುತ್ತದೆ: ಅರಸೀಕೆರೆ–ಹಾಸನ–ಮೈಸೂರು ಕೆಂಪು ನೆಲದ ಮಾರ್ಗ, ಗದಗ–ವಿಜಯಪುರ ಎರೆನೆಲದ್ದು, ಎರಡಕ್ಕೂ ಒಂದೇ ಕಂದು ಧೂಳನ್ನು ಬಳಿಯುವ ಮುನ್ನ ಚಿತ್ರಗಳನ್ನು ನೋಡುವುದು ಒಳಿತು.

ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯದ ಎಂಜಿನ್‌ಗಳು ಅಳತೆ ತೆಗೆದುಕೊಳ್ಳಲು ಬಹು ಉಪಯುಕ್ತ. ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬಯಲಿನಲ್ಲಿ ನಿಲ್ಲಿಸಿದ ಎಂಜಿನ್‌ಗಳನ್ನು ಮಳೆಯಿಂದ ಕಾಪಾಡಲು ಮೇಲಿಂದ ಮೇಲೆ ದಪ್ಪ ಎನಾಮಲ್ ಬಳಿಯುವುದು ಎಲ್ಲೆಡೆಯ ರೂಢಿ. ಆ ಕೆಂಪು, ಬೆಳ್ಳಿ ಬಣ್ಣಗಳು ದುಡಿಮೆಯ ದಿನಗಳವಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಗುಡ್ಡಗಾಡಿನ ಕೆಲವು ಮಾರ್ಗಗಳನ್ನು ಬಿಟ್ಟರೆ ದೇಶದಲ್ಲಿ ಉಗಿ ಎಂಜಿನ್‌ಗಳ ನಿತ್ಯಸೇವೆ ಮುಗಿದಿತ್ತು. ಅವುಗಳ ಮೇಲೆ ದುಡಿದವರ ನೆನಪೂ ಮನೆಯ ಆಲ್ಬಮ್ಮುಗಳಲ್ಲಿನ ಚಿತ್ರಗಳೂ ಇನ್ನೂ ದೊರೆಯುತ್ತಿರುವಾಗಲೇ ದಾಖಲಾಗಬೇಕಾಗಿದೆ.

ಆಕ್ಷೇಪಗಳು

ವೆದರಿಂಗ್ ಮಾಡಿದ ಮಾದರಿಗೆ ಸಂಗ್ರಾಹಕರಲ್ಲಿ ಬೆಲೆ ಕಡಿಮೆ. ಪೆಟ್ಟಿಗೆಯೊಳಗಿನ ಹೊಸತನವೇ ಅವರಿಗೆ ಮುಖ್ಯ. ಕಾರ್ಖಾನೆಗಳೇ ಈಗ ಕೊಳೆ ಹಚ್ಚಿದ ಮಾದರಿಗಳನ್ನು ಮಾರುತ್ತವೆ. ಆದರೆ ಅವು ಗಾಲಿಯ ಮಟ್ಟದಲ್ಲಿ ಒಂದೇ ಸಮನೆ ಸಿಂಪಡಿಸಿದ ಕಂದುಬಣ್ಣಕ್ಕಿಂತ ಹೆಚ್ಚೇನೂ ಅಲ್ಲದಿರುವುದೇ ಹೆಚ್ಚು. ಹವ್ಯಾಸಿಗಳ ಕೆಲಸದಲ್ಲಿ ಕಾಣುವ ದೋಷ ಇದಕ್ಕೆ ವಿರುದ್ಧವಾದದ್ದು: ತಿಳಿದ ತಂತ್ರಗಳೆಲ್ಲವನ್ನೂ ಒಂದೇ ಎಂಜಿನ್ನಿನ ಮೇಲೆ ಪ್ರಯೋಗಿಸುವುದು. ಎಂಜಿನ್‌ಗಳೆಲ್ಲ ಒಂದೇ ಮಟ್ಟಿಗೆ ಕೊಳೆಯಾಗಿರುವ ಷೆಡ್ಡಿನ ಮಾದರಿಯೂ ಅಸಹಜವೇ. ನಿನ್ನೆ ಕಾರ್ಖಾನೆಯಿಂದ ಬಂದ ಒಂದು, ಗುಜರಿಗೆ ಕಾದಿರುವ ಒಂದು, ಇವೆರಡರ ನಡುವಿನ ಹಲವು ಒಟ್ಟಿಗೆ ನಿಂತಿರುತ್ತಿದ್ದವು.

ಪುಡಿಗಳನ್ನು ವಾರ್ನಿಷ್ ಇಲ್ಲದೆ ಹಚ್ಚಿದರೆ ನೀರಿನಿಂದ ತೊಳೆದು ತೆಗೆಯಬಹುದು. ಎನಾಮಲ್ಲನ್ನು ಪೂರ್ತಿಯಾಗಿ ತೆಗೆಯಲಾಗುವುದಿಲ್ಲ. ಆದ್ದರಿಂದ ಹೊಸಬರು ಹಳೆಯ ಸರಕು ಬಂಡಿಯೊಂದರ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ಎಂಜಿನ್ನಿಗೆ ಕೈ ಹಾಕುವುದು ವಾಡಿಕೆ. ಅನುಭವಿಗಳಲ್ಲಿ ಕೆಲವರು ಮುಗಿದ ಮಾದರಿಯ ಅಡಿಭಾಗದಲ್ಲಿ ಎಂಜಿನ್ನಿನ ಸಂಖ್ಯೆ, ಷೆಡ್ಡು, ತೋರಿಸಿರುವ ವರ್ಷ ಮತ್ತು ಆಧರಿಸಿದ ಛಾಯಾಚಿತ್ರದ ವಿವರಗಳನ್ನು ಬರೆದ ಚೀಟಿಯೊಂದನ್ನು ಅಂಟಿಸುತ್ತಾರೆ.